ಮೂರು ಗುಂಡಿ, ಎರಡು ತರದ ಪಂಪ್: ಬೀದರ್ ಜಿಲ್ಲೆಯ ಒಂದು ಇಟಿಪಿ ಪ್ರಕರಣ

ಮೇ ತಿಂಗಳ ಒಂದು ಮಧ್ಯಾಹ್ನ ಮೂರು ಗಂಟೆಗೆ ಫೋನ್ ಬಂತು. "ಸಾಹೇಬ್ರ, ಮೂರೂ ಪಂಪ್ ನಿಂತಾವ್ರಿ. ಟ್ಯಾಂಕ್ ಅಂಚಿಗೆ ಬಂದದ. ಏನ್ ಮಾಡೂದ್ರಿ?" ಮಾತಾಡುತ್ತಿದ್ದವನು ಇಟಿಪಿ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕದ ಆಪರೇಟರ್. ಅವನ ಹಿಂದೆ ಯಾರೋ ಜೋರಾಗಿ ಬಯ್ಯುತ್ತಿದ್ದದ್ದೂ ಕೇಳಿಸುತ್ತಿತ್ತು.

ಮೂರು ಪಂಪ್ ಒಂದೇ ಗಳಿಗೆಯಲ್ಲಿ ಕೆಡುವುದಿಲ್ಲ. ಅವು ಒತ್ತಡದ ಗಾಳಿಯಿಂದ ಓಡುವ ಪಂಪ್. ಒಟ್ಟಿಗೆ ನಿಂತಿವೆ ಅಂದರೆ ಅವಕ್ಕೆ ಉಸಿರು ಕೊಡುವ ಕಂಪ್ರೆಸರ್ ನಿಂತಿದೆ ಎಂದೇ ಅರ್ಥ. ಹೊರಗೆ 40 ದಾಟಿದ ಬಿಸಿಲು. ತಗಡಿನ ಶೆಡ್ಡಿನೊಳಗಿದ್ದ ಸ್ಕ್ರೂ ಕಂಪ್ರೆಸರಿನ ಎಣ್ಣೆ ಕಾದು, ಅದು ತನ್ನನ್ನು ತಾನೇ ಆಫ್ ಮಾಡಿಕೊಂಡಿತ್ತು. ಕೂಲರಿಗೆ ನೀರು ಹೊಡೆದು, ಶೆಡ್ಡಿನ ಒಂದು ಬದಿಯ ತಗಡು ಬಿಚ್ಚಿಸಿ, ಮತ್ತೆ ಚಾಲೂ ಮಾಡಿಸುವಷ್ಟರಲ್ಲಿ ಟ್ಯಾಂಕ್ ತುಂಬಲು ಒಂದು ಗೇಣು ಉಳಿದಿತ್ತು. ಅದು ತುಂಬಿ ಹರಿದಿದ್ದರೆ ಪಕ್ಕದ ಹೊಲಕ್ಕೆ ಏನಾಗುತ್ತಿತ್ತು ಅನ್ನುವುದು ಬೇಡ ಬಿಡಿ.

ಘಟಕದ ಹೆಸರು, ಊರು ಹೇಳುವುದಿಲ್ಲ. ಬೀದರ್ ಜಿಲ್ಲೆ ಅನ್ನುವಷ್ಟು ಸಾಕು. ಕೊಳ್ಹಾರವೋ ಹುಮನಾಬಾದೋ ಅಂತ ಊಹಿಸಲು ಹೋಗಬೇಡಿ, ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಔಷಧಿಗೆ ಬೇಕಾದ ಇಂಟರ್‌ಮೀಡಿಯೆಟ್, ಅಂದರೆ ನಡುಹಂತದ ರಾಸಾಯನಿಕ ತಯಾರಿಸುವ ಮಧ್ಯಮ ಗಾತ್ರದ ಘಟಕ ಅದು. ನನ್ನ ಕೆಲಸ ಪಂಪ್ ಮತ್ತು ಇಟಿಪಿ ಸರ್ವಿಸ್. ಈ ಪ್ರಕರಣದಲ್ಲಿ ನಾನು ಕೊಟ್ಟ ಮೊದಲ ಸಲಹೆ ಅರ್ಧ ಸರಿ, ಅರ್ಧ ತಪ್ಪು. ಬರೆಯುತ್ತಿರುವುದು ಮುಖ್ಯವಾಗಿ ಆ ತಪ್ಪರ್ಧಕ್ಕಾಗಿ.

ಅಲ್ಲಿ ಏನಿತ್ತು

ಕೊಳಚೆ ನೀರು ಎತ್ತುವ ಜಾಗ ಮೂರು.

ಒಂದನೆಯದು ಇಕ್ವಲೈಸೇಷನ್ ಟ್ಯಾಂಕ್. ಪ್ಲಾಂಟಿನ ಎಲ್ಲಾ ಕಡೆಯ ನೀರು ಬಂದು ಕೂಡುವ ದೊಡ್ಡ ಗುಂಡಿ. ಇಲ್ಲಿಂದ ದಿನಕ್ಕೆ 120 ಘನಮೀಟರ್ ನೀರನ್ನು ಅದರ ಹುಳಿ, ಕ್ಷಾರ ಸಮ ಮಾಡುವ ನ್ಯೂಟ್ರಲೈಸೇಷನ್ ಟ್ಯಾಂಕಿಗೆ ಎತ್ತಬೇಕು. 20 ಗಂಟೆ ಓಟ, ನಿಮಿಷಕ್ಕೆ 100 ಲೀಟರ್.

ಎರಡನೆಯದು ಸ್ಲಡ್ಜ್ ಗುಂಡಿ. ಸುಣ್ಣ ಹಾಕಿ ಕೂರಿಸಿದ ಕೆಸರು ಇಲ್ಲಿ ಸೇರುತ್ತದೆ. ಇದನ್ನು ಫಿಲ್ಟರ್ ಪ್ರೆಸ್ಸಿಗೆ, ಅಂದರೆ ಬಟ್ಟೆ ಹೊದಿಸಿದ ಪ್ಲೇಟುಗಳ ನಡುವೆ ಕೆಸರಿನ ನೀರು ಸೋಸಿ ತೆಗೆಯುವ ಯಂತ್ರಕ್ಕೆ ತಳ್ಳಬೇಕು. ದಿನಕ್ಕೆ ಎರಡು ಬ್ಯಾಚ್, ಕೊನೆಗೆ ಐದೂವರೆ ಬಾರ್ ಒತ್ತಡ.

ಮೂರನೆಯದು ಸಣ್ಣದು. ಪ್ರೊಡಕ್ಷನ್ ಬ್ಲಾಕಿನ ಹಿಂದಿನ ಗುಂಡಿ. ನೆಲ ತೊಳೆದ ನೀರು, ಸೋರಿದ ಸಾಲ್ವೆಂಟ್ ಎಲ್ಲ ಅಲ್ಲಿಗೆ. ಮುಚ್ಚಳ ತೆಗೆದರೆ ಟಾಲ್ವೀನ್ ಅನ್ನುವ, ಬೇಗ ಬೆಂಕಿ ಹತ್ತುವ ಸಾಲ್ವೆಂಟಿನ ವಾಸನೆ ಮೂಗಿಗೆ ರಪ್ಪೆಂದು ಹೊಡೆಯುತ್ತದೆ. ದಿನಕ್ಕೆ ಅರ್ಧ ಗಂಟೆ ಓಡಿದರೆ ಹೆಚ್ಚು.

ಮೂರೂ ಕಡೆ ಗಾಳಿ ಪಂಪ್. ಪ್ಲಾಂಟ್ ಕಟ್ಟುವಾಗ ಯಾರೋ ಹೇಳಿದ್ದರಂತೆ: ಒಂದೇ ತರದ ಪಂಪ್ ಇದ್ದರೆ ಸ್ಪೇರ್ ಒಂದೇ, ಕಲಿಯುವುದು ಒಂದೇ, ತಲೆನೋವು ಕಮ್ಮಿ. ಕೇಳಲು ಚೆನ್ನಾಗಿದೆ. ಆದರೆ ಮೂರು ಗುಂಡಿಯ ಕೆಲಸ ಒಂದೇ ತರ ಇರಲಿಲ್ಲ.

ಹೊಸಬರಿಗೆ ಒಂದು ಮಾತು. ಗಾಳಿ ಪಂಪ್ ಅಂದರೆ ಏರ್ ಆಪರೇಟೆಡ್ ಡಬಲ್ ಡಯಾಫ್ರಾಮ್ ಪಂಪ್. 1955ರಲ್ಲಿ ಅಮೆರಿಕದ ಜಿಮ್ ವಿಲ್ಡನ್ ರೂಪಿಸಿದ್ದು, ಇವತ್ತಿಗೂ ಒಳಗಿನ ಬುದ್ಧಿ ಅದೇ. ಎರಡು ಕೋಣೆ, ಹಿಂದೆಮುಂದೆ ಬಾಗುವ ಎರಡು ರಬ್ಬರ್ ತಟ್ಟೆ ಅಂದರೆ ಡಯಾಫ್ರಾಮ್, ಅವೆರಡನ್ನೂ ಸೇರಿಸುವ ಒಂದು ಶಾಫ್ಟ್. ಒಂದು ಡಯಾಫ್ರಾಮಿನ ಹಿಂದೆ ಗಾಳಿ ನುಗ್ಗಿದರೆ ಆ ಕಡೆಯ ದ್ರವ ಹೊರಗೆ ಹೋಗುತ್ತದೆ, ಅದೇ ಹೊತ್ತಿಗೆ ಇನ್ನೊಂದು ಕಡೆ ದ್ರವ ಒಳಗೆ ಬರುತ್ತದೆ. ಕಮ್ಮಾರನ ತಿದಿಯನ್ನು ತಿರುವಿ ಹಾಕಿದ ಹಾಗೆ. ತಿದಿ ಒತ್ತಿದರೆ ಗಾಳಿ ಬರುತ್ತದೆ, ಇಲ್ಲಿ ಗಾಳಿ ಒತ್ತಿದರೆ ನೀರು ಬರುತ್ತದೆ.

ಮೆಕ್ಯಾನಿಕಲ್ ಡಯಾಫ್ರಾಮ್ ಪಂಪಿನಲ್ಲೂ ಅದೇ ರಬ್ಬರ್, ದ್ರವ ಹಿಂದೆ ಬರದಂತೆ ತಡೆಯುವ ಅದೇ ಬಾಲ್ ವಾಲ್ವ್. ಹಿಂದೆ ಮಾತ್ರ ಗಾಳಿ ಇಲ್ಲ. ಮೋಟಾರ್, ಗೇರ್‌ಬಾಕ್ಸ್, ತಿರುಗುವುದನ್ನು ಹಿಂದೆಮುಂದೆ ಚಲನೆಯಾಗಿ ಮಾಡುವ ಎಕ್ಸೆಂಟ್ರಿಕ್, ಕನೆಕ್ಟಿಂಗ್ ರಾಡ್. ರಾಡ್ ಡಯಾಫ್ರಾಮಿನ ನಡುವನ್ನು ಹಿಡಿದು ಎಳೆಯುತ್ತದೆ, ತಳ್ಳುತ್ತದೆ. ಇದನ್ನು ಇಲ್ಲಿ ಮೋಟಾರ್ ಪಂಪ್ ಅಂತಲೇ ಕರೆಯುತ್ತೇನೆ. ಎದುರಿನ ವಾಲ್ವ್ ಮುಚ್ಚಿದರೆ ಗಾಳಿ ಪಂಪ್ ಸುಮ್ನೆ ನಿಂತುಬಿಡುತ್ತದೆ, ವಾಲ್ವ್ ತೆರೆದರೆ ಮತ್ತೆ ಬಡಿಯಲು ಶುರು. ಮೋಟಾರ್ ಪಂಪಿಗೆ ಆ ಬುದ್ಧಿ ಇಲ್ಲ, ಏನಾದರೂ ಹರಿಯುವವರೆಗೆ ತಳ್ಳುತ್ತದೆ. ಒತ್ತಡ ನೋಡಿಕೊಂಡು ತಾನೇ ನಿಲ್ಲುವ ಎಲೆಕ್ಟ್ರಿಕ್ ಪಂಪ್‌ಗಳೂ ಈಗ ಸಿಗುತ್ತವೆ, ಬೆಲೆ ಜಾಸ್ತಿ. ನಾವು ತಂದದ್ದು ಅದಲ್ಲ.

ದೂರುಗಳ ಪಟ್ಟಿ

ಕಂಪ್ರೆಸರ್ ಟ್ರಿಪ್ ಆದ ಮರುದಿನ ಮಾಲೀಕರು ಕರೆಸಿದರು. ಮೇಜಿನ ಮೇಲೆ ಕರೆಂಟ್ ಬಿಲ್. ಪಕ್ಕದಲ್ಲಿ ಹರಿದ ಮೂರು ಡಯಾಫ್ರಾಮ್.

ಮೊದಲನೇ ದೂರು, ಕಂಪ್ರೆಸರ್ ಹಗಲೂ ರಾತ್ರಿ ಲೋಡಿನಲ್ಲೇ ಇರುತ್ತದೆ. ಎರಡನೆಯದು, ಇಕ್ವಲೈಸೇಷನ್ ಪಂಪಿನ ಡಯಾಫ್ರಾಮ್ ಎರಡು ತಿಂಗಳಿಗೊಮ್ಮೆ ಹೋಗುತ್ತದೆ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಆ ಪಂಪ್ ನಿಮಿಷಕ್ಕೆ 45 ಸಲ ಬಡಿಯುತ್ತಿತ್ತು. 20 ಗಂಟೆಗೆ 54,000 ಬಡಿತ. ನಮ್ಮ ಹೃದಯ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ ಅಂತಾರೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದು. ಅದೂ ಆಸಿಡ್, ಸಾಲ್ವೆಂಟ್ ಕುಡಿದುಕೊಂಡು.

ಮೂರನೇ ದೂರು ಕೇಕ್. ಪ್ರೆಸ್ಸಿನಿಂದ ಬೀಳುವ ಕೆಸರಿನ ಹಲಗೆಗೆ ಕೇಕ್ ಅನ್ನುತ್ತೇವೆ. ಅದು ಹಸಿಯಾಗಿ ಬರುತ್ತಿತ್ತು. ಕೈಯಲ್ಲಿ ಹಿಂಡಿದರೆ ಬೆರಳ ಸಂದಿನಿಂದ ಜಾರುವಷ್ಟು. ಹಸಿ ಕೇಕ್ ಅಂದರೆ ದುಡ್ಡು. ಅಪಾಯಕಾರಿ ತ್ಯಾಜ್ಯವನ್ನು ಘಟಕದಲ್ಲಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, 2016ರ ನಿಯಮ ಅದು. ಬೀದರಿನಿಂದ ಬೆಂಗಳೂರು ಪಕ್ಕದ ದಾಬಸ್‌ಪೇಟೆಯ ವಿಲೇವಾರಿ ಜಾಗಕ್ಕೆ ಲಾರಿ ಹೋಗಬೇಕಾದರೆ 600 ಕಿಲೋಮೀಟರಿಗೂ ಜಾಸ್ತಿ. ಟನ್ನಿನ ಲೆಕ್ಕದಲ್ಲಿ ಬಾಡಿಗೆ, ಟನ್ನಿನ ಲೆಕ್ಕದಲ್ಲಿ ವಿಲೇವಾರಿ ಶುಲ್ಕ. ನೂರಕ್ಕೆ 75 ಪಾಲು ನೀರಿರುವ ಒಂದು ಟನ್ ಕೇಕಿನಲ್ಲಿ ನಿಜವಾದ ಕೆಸರು 250 ಕಿಲೋ ಮಾತ್ರ. ನೀರನ್ನು 65 ಪಾಲಿಗೆ ಇಳಿಸಿದರೆ ಅದೇ ಕೆಸರು 714 ಕಿಲೋದಲ್ಲಿ ಮುಗಿಯುತ್ತದೆ. ಟನ್ನಿಗೆ 286 ಕಿಲೋ ನೀರನ್ನು ಅವರು ದುಡ್ಡು ಕೊಟ್ಟು ದಾಬಸ್‌ಪೇಟೆಗೆ ಕಳಿಸುತ್ತಿದ್ದರು ಅಂದ ಹಾಗಾಯಿತು.

ನಾಲ್ಕನೆಯದು ನಂಬಲು ಕಷ್ಟ. ಮೇ ತಿಂಗಳಲ್ಲಿ ಬಿಸಿಗೆ ಕಂಪ್ರೆಸರ್ ನಿಂತರೆ, ಹಿಂದಿನ ಡಿಸೆಂಬರಿನಲ್ಲಿ ಪ್ರೆಸ್ ಪಂಪ್ ನಿಂತದ್ದು ಮಂಜುಗಡ್ಡೆಯಿಂದ. ಬೀದರಿನ ಚಳಿಗಾಲದ ಬೆಳಗು ಗೊತ್ತಲ್ವಾ? ಒತ್ತಡದ ಗಾಳಿ ಸೈಲೆನ್ಸರಿನಿಂದ ಹೊರಬರುವಾಗ ಒಮ್ಮೆಲೇ ಹಿಗ್ಗಿ ತಣ್ಣಗಾಗುತ್ತದೆ. ಗಾಳಿಯಲ್ಲಿ ನೀರಿನ ಅಂಶ ಇದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ಸೈಲೆನ್ಸರ್ ಕಟ್ಟಿಕೊಂಡು ಪಂಪ್ ಬಿಗಿಯುತ್ತದೆ. ಬೆಳಗಿನ ಶಿಫ್ಟಿನವರು ಚಹಾದ ಸ್ಟೌ ಮೇಲೆ ನೀರು ಕಾಯಿಸಿ ಪಂಪಿಗೆ ಸ್ನಾನ ಮಾಡಿಸುತ್ತಿದ್ದರಂತೆ.

ನಾನು ಮಾಡಿದ ಲೆಕ್ಕ

ಎಲ್ಲವನ್ನೂ ಕೇಳಿದ ಮೇಲೆ ನನಗೆ ಉತ್ತರ ಸ್ಪಷ್ಟ ಅನ್ನಿಸಿತು. ಗಾಳಿಯೇ ಕಳ್ಳ. ಗಾಳಿ ತೆಗೆದು ಮೋಟಾರ್ ಹಾಕಿ.

ಕಾಗದದ ಮೇಲೆ ಲೆಕ್ಕವೂ ಹಾಗೇ ಬಂತು. ಕಂಪ್ರೆಸರಿನಲ್ಲಿ ಏಳು ಬಾರ್ ಒತ್ತಡದ 100 ಸಿಎಫ್ಎಂ, ಅಂದರೆ ನಿಮಿಷಕ್ಕೆ 100 ಘನ ಅಡಿ ಗಾಳಿ ತಯಾರಿಸಲು ಸುಮಾರು 18 ಕಿಲೋವ್ಯಾಟ್ ಬೇಕು. ಇಕ್ವಲೈಸೇಷನ್ ಪಂಪ್ ಕುಡಿಯುವುದು 25 ಸಿಎಫ್ಎಂ, ಅಂದರೆ ನಾಲ್ಕೂವರೆ ಕಿಲೋವ್ಯಾಟ್. 20 ಗಂಟೆಗೆ 90 ಯೂನಿಟ್. ಅದೇ ಕೆಲಸಕ್ಕೆ ಮೋಟಾರ್ ಪಂಪ್ ಎಳೆಯುವುದು ಒಂದು ಕಿಲೋವ್ಯಾಟ್ ಆಸುಪಾಸು, 20 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ ದಿನಕ್ಕೆ 490 ರೂಪಾಯಿ ಉಳಿತಾಯ, ತಿಂಗಳಿಗೆ 14,700.

ಪ್ರೆಸ್ ಪಂಪಿಗೂ ಇದೇ ಸೂತ್ರ ಹಚ್ಚಿದೆ. 30 ಸಿಎಫ್ಎಂ, ದಿನಕ್ಕೆ ಎಂಟು ಗಂಟೆ, 43 ಯೂನಿಟ್. ಇಲ್ಲೂ ಉಳಿತಾಯ ಇದೆ ಅಂತ ಬರೆದು ಗೆರೆ ಎಳೆದೆ. ಎರಡು ಮೋಟಾರ್ ಪಂಪ್ ತನ್ನಿ ಅಂದೆ. ಗಾಳಿ ಪಂಪಿಗಿಂತ ಎರಡೂವರೆ ಪಟ್ಟು ಬೆಲೆ. ಮಾಲೀಕರು ಒಂದು ಗಳಿಗೆ ಸುಮ್ಮನಿದ್ದು, "ಎರಡೂ ಒಮ್ಮೆಲೇ ಬೇಕಾ?" ಅಂತ ಕೇಳಿದರು. ಸಾಗಣೆ ಖರ್ಚು ಉಳಿಯುತ್ತದೆ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರ ಪ್ರಶ್ನೆ ಸರಿ ಇತ್ತು. ಒಂದನ್ನು ಹಾಕಿ ಎರಡು ತಿಂಗಳು ನೋಡಬಹುದಿತ್ತು.

ಮೂರನೇ ಗುಂಡಿಯನ್ನು ಮುಟ್ಟಲಿಲ್ಲ. ಅಷ್ಟು ಬುದ್ಧಿ ಇತ್ತು. ಟಾಲ್ವೀನ್ ಆವಿ ಇರುವ ಕಡೆ ಮೋಟಾರ್, ಸ್ವಿಚ್, ಕೇಬಲ್ ಎಲ್ಲವೂ ಫ್ಲೇಮ್‌ಪ್ರೂಫ್, ಅಂದರೆ ಒಳಗಿನ ಕಿಡಿಯಿಂದ ಹೊರಗಿನ ಆವಿಗೆ ಬೆಂಕಿ ಹತ್ತದಂಥದ್ದು ಆಗಬೇಕು. ದಿನಕ್ಕೆ ಅರ್ಧ ಗಂಟೆ ಓಡುವ ಪಂಪಿಗೆ ಆ ಖರ್ಚು ಯಾರು ಮಾಡುತ್ತಾರೆ?

ಹಾಕಿದ ಮೇಲೆ

ಜುಲೈನಲ್ಲಿ ಎರಡೂ ಪಂಪ್ ಕೂತವು.

ಇಕ್ವಲೈಸೇಷನ್ ಕಡೆ ಸಣ್ಣ ಪುಟ್ಟ ತಕರಾರು ಬಿಟ್ಟರೆ ಚೆನ್ನಾಗಿ ನಡೆಯಿತು. ಮೊದಲ ತಕರಾರು ಸೆಳೆತದ್ದು. ಬೀದರ್ ಸಮುದ್ರಮಟ್ಟದಿಂದ 650 ಮೀಟರಿಗೂ ಎತ್ತರದಲ್ಲಿದೆ. ಕರಾವಳಿಯಲ್ಲಿ ಗಾಳಿಯ ಒತ್ತಡ ನೀರನ್ನು ಹತ್ತು ಮೀಟರ್ ಚಿಲ್ಲರೆ ಎತ್ತಬಲ್ಲದಾದರೆ ಇಲ್ಲಿ ಒಂಬತ್ತೂವರೆ ಮಾತ್ರ. ಅದೂ ಕಾಗದದಲ್ಲಿ. ನೀರು ಬೆಚ್ಚಗಿದ್ದು ಅದರಲ್ಲಿ ಸಾಲ್ವೆಂಟ್ ಕಲೆತಿದ್ದರೆ ಇನ್ನೂ ಕಮ್ಮಿ. ಹಳೆ ಕಟ್ಟೆಯ ಮೇಲೇ ಹೊಸ ಪಂಪ್ ಕೂರಿಸಿದ್ದೆವು, ಸೆಳೆತ ನಾಲ್ಕೂವರೆ ಮೀಟರ್. ಪಂಪ್ ಓಡುತ್ತಿತ್ತು, ಆದರೆ ನಿಮಿಷಕ್ಕೆ 100 ಲೀಟರ್ ಬದಲು 80 ಬರುತ್ತಿತ್ತು. ಕಟ್ಟೆ ಒಡೆದು ಒಂದೂವರೆ ಮೀಟರ್ ಕೆಳಗೆ ಇಳಿಸಿದೆವು. ಸರಿಯಾಯಿತು.

ಎರಡನೆಯದು ಕೈಗವಸು. ಯಾರೋ ಬಿಸಾಕಿದ ರಬ್ಬರ್ ಗ್ಲೌಸ್ ತೇಲಿ ಬಂದು ಬಾಲ್ ವಾಲ್ವಿನಲ್ಲಿ ಸಿಕ್ಕಿಕೊಂಡಿತು. ಗಾಳಿ ಪಂಪ್ ಆಗಿದ್ದರೆ ನಿಂತು ಕಾಯುತ್ತಿತ್ತು. ಇದು ಒದ್ದಾಡಿ ಓವರ್‌ಲೋಡಿನಲ್ಲಿ ಟ್ರಿಪ್ ಆಯಿತು. ಸೆಳೆತದ ಪೈಪಿಗೆ ಬುಟ್ಟಿ ಜಾಲರಿ ಹಾಕಿಸಿದೆವು. ಈಗ ವಾರಕ್ಕೊಮ್ಮೆ ಜಾಲರಿ ತೊಳೆಯುತ್ತಾರೆ. ಗ್ಲೌಸ್ ಇನ್ನೂ ಸಿಗುತ್ತವೆ.

ಪ್ರೆಸ್ ಕಡೆಯದು ಬೇರೆ ಕಥೆ.

ಮೊದಲ ಎರಡು ವಾರ ಎಲ್ಲರಿಗೂ ಖುಷಿ. ಮೂರು ಗಂಟೆಯ ಬ್ಯಾಚ್ ಒಂದೂ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಪ್ರೆಶರ್ ಸ್ವಿಚ್ ಐದೂವರೆ ಬಾರಿಗೆ ಪಂಪ್ ನಿಲ್ಲಿಸುತ್ತಿತ್ತು. ಅದು ಕೈಕೊಟ್ಟರೆ ಅಂತ, ಒತ್ತಡ ಮೀರಿದರೆ ತಾನೇ ತೆರೆಯುವ ರಿಲೀಫ್ ವಾಲ್ವ್ ಬೇರೆ. ಎರಡೆರಡು ಕಾವಲು ಇದೆ ಅಂತ ನೆಮ್ಮದಿಯಾಗಿದ್ದೆ.

ಮೂರನೇ ವಾರದ ಒಂದು ರಾತ್ರಿ ಪ್ರೆಸ್ ತುಂಬಿತು, ಪಂಪ್ ನಿಲ್ಲಲಿಲ್ಲ. ಪ್ರೆಶರ್ ಸ್ವಿಚ್ಚಿಗೆ ಹೋಗುವ ಬೆರಳು ದಪ್ಪದ ಪೈಪಿನಲ್ಲಿ ಸುಣ್ಣದ ಕೆಸರು ಕೂತು ಗಟ್ಟಿಯಾಗಿತ್ತು. ಸ್ವಿಚ್ಚಿನ ಲೆಕ್ಕದಲ್ಲಿ ಒತ್ತಡ ಇನ್ನೂ ಎರಡೇ ಬಾರ್. ರಿಲೀಫ್ ವಾಲ್ವಿನ ಬಾಯಿಯಲ್ಲೂ ಅದೇ ಸುಣ್ಣ. ಕೊನೆಗೆ ಬಿಟ್ಟುಕೊಟ್ಟದ್ದು ಪ್ರೆಸ್ಸಿನ ಬಟ್ಟೆ. ಫೀಡ್ ಬಾಯಿಯ ಹತ್ತಿರ ಹರಿದು, ಪ್ಲೇಟುಗಳ ಸಂದಿನಿಂದ ಕೆಸರು ಗೋಡೆಯವರೆಗೆ ಚಿಮ್ಮಿತು. ಅದರ ಹಿಂದೆಯೇ ಪಂಪಿನ ಡಯಾಫ್ರಾಮ್ ಹರಿದು ಕೆಸರು ಎಕ್ಸೆಂಟ್ರಿಕ್ ಕೋಣೆಗೆ ನುಗ್ಗಿತು. ಆಪರೇಟರ್ ಆಗಷ್ಟೇ ಚಹಾಕ್ಕೆ ಎದ್ದು ಹೋಗಿದ್ದ. ಅದೊಂದೇ ಅವತ್ತಿನ ಪುಣ್ಯ.

ಬೆಳಿಗ್ಗೆ ಬೇರಿಂಗಿನಿಂದ ಬೂದು ಬಣ್ಣದ ಕೆಸರನ್ನು ಬೆರಳಲ್ಲಿ ತೆಗೆಯುತ್ತಾ ಕೂತಿದ್ದಾಗ ಮಾಲೀಕರು ಬಂದು ನಿಂತರು. ಬಯ್ಯಲಿಲ್ಲ. ಬಯ್ದಿದ್ದರೆ ವಾಸಿ ಇತ್ತು.

ಸುಲಭದ ದಾರಿ ಇತ್ತು. ಕೆಸರು ತಾಗದ ಡಯಾಫ್ರಾಮ್ ಸೀಲ್ ಇರುವ ಗೇಜು ಹಾಕಿ, ಮೋಟಾರಿನ ಕರೆಂಟ್ ನೋಡಿ ನಿಲ್ಲಿಸುವ ವ್ಯವಸ್ಥೆ ಮಾಡಿ, ಅದೇ ಪಂಪನ್ನು ಮತ್ತೆ ಓಡಿಸಬಹುದಿತ್ತು. ಅನೇಕ ಕಡೆ ಹಾಗೆ ಓಡುತ್ತಿವೆ, ಚೆನ್ನಾಗಿಯೇ. ಆದರೆ ನನ್ನನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ಬ್ಯಾಚ್ ಬೇಗ ಮುಗಿಯುತ್ತಿತ್ತು ನಿಜ, ಕೇಕ್ ಮಾತ್ರ ಮೊದಲಿಗಿಂತ ಒಂದಿಷ್ಟೂ ಒಣಗಿರಲಿಲ್ಲ. ಕರೆಂಟ್ ಬಿಲ್ಲೂ ನಾನು ಹೇಳಿದಷ್ಟು ಇಳಿದಿರಲಿಲ್ಲ. ಇಕ್ವಲೈಸೇಷನ್ ಪಾಲಿನದು ಇಳಿದಿತ್ತು. ಪ್ರೆಸ್ ಪಾಲಿನದು ಎಲ್ಲಿ ಹೋಯಿತು?

ಬಕೆಟ್ ಮೇಲೆ ಒಂದು ರಾತ್ರಿ

ಹಳೇ ಗಾಳಿ ಪಂಪನ್ನೇ ಪ್ರೆಸ್ಸಿಗೆ ವಾಪಸ್ ಕಟ್ಟಿಸಿದೆ. ಅವತ್ತು ರಾತ್ರಿ ಹನ್ನೊಂದಕ್ಕೆ ಬಕೆಟ್ ಬೋರಲು ಹಾಕಿ ಕೂತೆ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಈ ಕೆಲಸವನ್ನು ಮೇ ತಿಂಗಳಲ್ಲೇ ಮಾಡಬೇಕಿತ್ತು.

ಗಾಳಿ ಎಷ್ಟು ಖರ್ಚಾಗುತ್ತದೆ ಅಂತ ತಿಳಿಯಲು ದೊಡ್ಡ ಮೀಟರ್ ಬೇಡ. ಇಟಿಪಿ ಪಕ್ಕದಲ್ಲಿ 500 ಲೀಟರಿನ ರಿಸೀವರ್, ಅಂದರೆ ಗಾಳಿ ಕೂಡಿಡುವ ಟ್ಯಾಂಕ್ ಇತ್ತು. ಅದಕ್ಕೆ ಏಳು ಬಾರ್ ತುಂಬಿಸಿ, ಕಂಪ್ರೆಸರ್ ಕಡೆಯ ವಾಲ್ವನ್ನೂ ಪ್ರೆಸ್ ಪಂಪಿನದು ಬಿಟ್ಟು ಉಳಿದ ಗಾಳಿ ಲೈನುಗಳ ವಾಲ್ವನ್ನೂ ಮುಚ್ಚಿದೆ. ಈಗ ಪಂಪ್ ಕುಡಿಯುವುದು ಈ ಟ್ಯಾಂಕಿನ ಗಾಳಿ ಮಾತ್ರ. ಮುಳ್ಳು ಏಳರಿಂದ ಆರಕ್ಕೆ ಇಳಿಯಿತೆಂದರೆ ಸುಮಾರು 500 ಲೀಟರ್ ಹೊರಗಿನ ಗಾಳಿಯಷ್ಟು ಖರ್ಚಾಯಿತು, 17.7 ಘನ ಅಡಿ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿದರೆ ಸಿಎಫ್ಎಂ ಸಿಕ್ಕಿತು.

ಬ್ಯಾಚಿನ ಶುರುವಿನಲ್ಲಿ 42 ಸೆಕೆಂಡ್. ಅಂದರೆ 25 ಸಿಎಫ್ಎಂ. ನನ್ನ ಕಾಗದಕ್ಕೆ ಹತ್ತಿರ. ಖುಷಿಯಾಯಿತು.

ಒಂದು ಗಂಟೆ ಬಿಟ್ಟು ಮತ್ತೆ ನೋಡಿದೆ. ಎರಡೂವರೆ ನಿಮಿಷ. ಎರಡು ಗಂಟೆಯ ನಂತರ, ಒಂಬತ್ತು ನಿಮಿಷ. ಎರಡು ಸಿಎಫ್ಎಂ! ಪ್ರೆಸ್ ತುಂಬುತ್ತಾ ಹೋದ ಹಾಗೆ ಕೆಸರು ಮುಂದೆ ಹೋಗಲು ಜಾಗ ಕಮ್ಮಿ, ಪಂಪ್ ತಾನಾಗಿ ನಿಧಾನವಾಗುತ್ತದೆ, ಬಡಿಯದಿದ್ದರೆ ಗಾಳಿಯೂ ಖರ್ಚಿಲ್ಲ. ಮೊದಲ ನಿಮಿಷದ ಹಸಿವನ್ನೇ ಎಂಟು ಗಂಟೆಗೂ ಗುಣಿಸಿಬಿಟ್ಟಿದ್ದೆ ನಾನು. ಸರಾಸರಿ ಎಂಟು ಸಿಎಫ್ಎಂ, ಎರಡು ಬ್ಯಾಚಿಗೆ ನಿಜವಾದ ಓಟ ಐದು ಗಂಟೆ. ದಿನಕ್ಕೆ ಏಳು ಯೂನಿಟ್ ಚಿಲ್ಲರೆ. 43 ಅಲ್ಲ. 50 ರೂಪಾಯಿ ಉಳಿಸಲು ಅಷ್ಟು ದುಬಾರಿ ಪಂಪ್ ಕೊಡಿಸಿದ್ದೆ.

ಆಮೇಲೆ ಸುಮ್ನೆ ಒಂದು ಪ್ರಯೋಗ. ಎಲ್ಲಾ ಪಂಪ್ ಬಂದ್ ಮಾಡಿಸಿ, ಮುಚ್ಚಿದ್ದ ಉಳಿದ ಗಾಳಿ ಲೈನುಗಳ ವಾಲ್ವ್ ತೆರೆದು, ಅದೇ ಟ್ಯಾಂಕಿನ ಮುಳ್ಳು ನೋಡಿದೆ. ಇಳಿಯಬಾರದು. ಮೂರು ನಿಮಿಷಕ್ಕೆ ಒಂದು ಬಾರ್ ಇಳಿಯಿತು. ಏನೂ ಓಡದೆ ಆರು ಸಿಎಫ್ಎಂ ಸೋರಿಕೆ. ದಿನದ 24 ಗಂಟೆಗೆ 26 ಯೂನಿಟ್, 180 ರೂಪಾಯಿ. ಪ್ರೆಸ್ ಪಂಪ್ ತಿನ್ನುವುದರ ಮೂರೂವರೆ ಪಟ್ಟು! ಸೋಪಿನ ನೀರು ಹಚ್ಚಿ ಹುಡುಕಿದಾಗ ಹನ್ನೊಂದು ಕಡೆ ಗುಳ್ಳೆ ಬಂತು. ಹೆಚ್ಚಿನವು ಹೋಸ್ ಕ್ಲಿಪ್, ಎರಡು ಒಡೆದ ಕಪ್ಲಿಂಗ್. ಒಂದು ಕಡೆ ಹಗ್ಗ ಸುತ್ತಿ, ಮೇಲೆ ಎಂ-ಸೀಲ್ ಮೆತ್ತಿ, ಅದರ ಮೇಲೆ ಮತ್ತೆ ಹಗ್ಗ ಸುತ್ತಿದ್ದರು. ಸರಿಪಡಿಸಲು ಒಂದು ದಿನ ಹಿಡಿಯಿತು. ಸಾಮಾನಿನ ಖರ್ಚು ಒಂದು ಡಯಾಫ್ರಾಮಿನಷ್ಟೂ ಆಗಲಿಲ್ಲ.

ರಾತ್ರಿ ಒಂದೂವರೆಯ ಹೊತ್ತಿಗೆ ಆಪರೇಟರ್ ನನ್ನ ಸ್ಟಾಪ್‌ವಾಚ್ ನೋಡಿ ನಕ್ಕ. "ಅದೇನ್ ನೋಡ್ತೀರಿ ಸಾಹೇಬ್ರ. ಪಂಪ್ ನಿದ್ದಿಗಿ ಹೋಯ್ತಂದ್ರ ಪ್ರೆಸ್ ತುಂಬ್ಯದ ಅಂತ ತಿಳೀರಿ." ನಿಜ. ಶುರುವಿನಲ್ಲಿ ಪಂಪ್ ಓಡುವ ಕುದುರೆಯ ಹಾಗೆ, ನಿಮಿಷಕ್ಕೆ 60 ಬಡಿತ. ಆಮೇಲೆ 30, 12. ಕೊನೆಗೆ ಟಕ್ ಅಂದು, ಪುಸ್ ಅಂತ ಉಸಿರು ಬಿಟ್ಟು, ಹದಿನೈದು ಸೆಕೆಂಡ್ ಸುಮ್ಮನಿದ್ದು, ಮತ್ತೆ ಟಕ್. ಕಟ್ಟಿಕೊಳ್ಳುವ ಗೇಜು ಇಲ್ಲ, ಸ್ವಿಚ್ ಇಲ್ಲ. ಕಿವಿ ಸಾಕು.

"ಹಾಗಾದರೆ ನೀವು ಪಂಪ್ ನಿದ್ದೆ ಹೋಗುವವರೆಗೆ ಕಾಯುತ್ತೀರಾ?" ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ. ಹಗಲು ಶಿಫ್ಟಿನವರು ಕಾಯುತ್ತಾರಂತೆ. ರಾತ್ರಿಯವರಿಗೆ ಹನ್ನೆರಡೂವರೆಗೆ ಪ್ರೆಸ್ ಬಿಚ್ಚಿ ಕೇಕ್ ಕೆಡವಿದರೆ ಒಂದು ಗಳಿಗೆ ಒರಗಬಹುದು. ಹಾಗಾಗಿ ಒಂದೂವರೆ ಗಂಟೆಗೇ ಬಂದ್. ಹಸಿ ಕೇಕಿನ ಅರ್ಧ ಕಾರಣ ಅಲ್ಲಿತ್ತು. ನಾಲ್ಕು ವರ್ಷದಿಂದ ಅವನಿಗೆ ಗೊತ್ತಿದ್ದ ವಿಷಯ. ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಇನ್ನರ್ಧ ಕಾರಣ, ಪಂಪಿಗೆ ಹೋಗುವ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರಿನಲ್ಲಿತ್ತು. ಅದು ಯಾವತ್ತೂ ಐದೂವರೆ ಬಾರಿನಲ್ಲೇ. ಶುರುವಿನಲ್ಲೇ ಆ ರಭಸಕ್ಕೆ ಕೆಸರು ನುಗ್ಗಿದರೆ ತೀರಾ ಸಣ್ಣ ಕಣಗಳು ಬಟ್ಟೆಯ ರಂಧ್ರದಲ್ಲಿ ಹೋಗಿ ಕೂತು, ಬಟ್ಟೆ ಕುರುಡಾಗುತ್ತದೆ. ಹೊರಗೆ ಕೇಕ್ ಕಟ್ಟುತ್ತದೆ, ನಡುವಿನ ನೀರಿಗೆ ದಾರಿ ಇಲ್ಲ. ಮೋಟಾರ್ ಪಂಪ್ ಇದನ್ನೇ ಇನ್ನೂ ಜೋರಾಗಿ ಮಾಡಿತ್ತು. ಒಂದೂ ಮುಕ್ಕಾಲು ಗಂಟೆಗೆ ಬ್ಯಾಚ್ ಮುಗಿಯುತ್ತಿದ್ದ ಗುಟ್ಟು ಅದೇ. ಪ್ರೆಸ್ ತುಂಬುತ್ತಿರಲಿಲ್ಲ, ಬಟ್ಟೆ ಮುಚ್ಚಿಕೊಳ್ಳುತ್ತಿತ್ತು.

ಕೊನೆಗೆ ಏನು ಇಟ್ಟುಕೊಂಡೆವು

ಇಕ್ವಲೈಸೇಷನ್ನಿಗೆ ಮೋಟಾರ್ ಪಂಪ್ ಉಳಿಯಿತು. ದಿನವಿಡೀ ಒಂದೇ ವೇಗ, ಎರಡೇ ಬಾರ್ ಒತ್ತಡ, ಎದುರಿಗೆ ಮುಚ್ಚುವ ಬಾಯಿ ಇಲ್ಲ. ಮೋಟಾರ್ ಪಂಪಿಗೆ ಇದಕ್ಕಿಂತ ಹಿತವಾದ ಕೆಲಸ ಸಿಗುವುದಿಲ್ಲ. ಅದರ ರಬ್ಬರಿಗೆ ಕಡಿಮೆ ಒತ್ತಡವೇ ಕ್ಷೇಮ. ಗಾಳಿ ಪಂಪಿನಲ್ಲಿ ಡಯಾಫ್ರಾಮಿನ ಎರಡೂ ಕಡೆ ಒತ್ತಡ ಹೆಚ್ಚುಕಮ್ಮಿ ಸಮ ಇರುತ್ತದೆ. ಇಲ್ಲಿ ರಾಡ್ ನಡುವನ್ನು ತಳ್ಳುವಾಗ ಆ ಭಾರವನ್ನು ಸುತ್ತಲಿನ ಅಂಚೊಂದೇ ಹೊರಬೇಕು. ಕರೆಂಟ್ ಹೋದರೆ ಜನರೇಟರ್ ಬರುವವರೆಗೆ ನಿಲ್ಲುತ್ತದೆ, ಟ್ಯಾಂಕಿನಲ್ಲಿ ಅಷ್ಟು ಜಾಗ ಇದೆ.

ಪ್ರೆಸ್ಸಿಗೆ ಗಾಳಿ ಪಂಪ್. ಆದರೆ ಮೊದಲಿನ ಹಾಗಲ್ಲ. ಮೊದಲ 20 ನಿಮಿಷ ಎರಡು ಬಾರ್, ಆಮೇಲೆ ನಾಲ್ಕು, ಕೊನೆಯ ಒಂದು ಗಂಟೆ ಐದೂವರೆ. ನಿಮಿಷಕ್ಕೆ ನಾಲ್ಕು ಬಡಿತಕ್ಕೆ ಇಳಿದ ಮೇಲೆ ಬಂದ್. ಈ ನಾಲ್ಕರ ನಿಯಮವನ್ನು ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದೆವು. ರಾತ್ರಿ ಬ್ಯಾಚನ್ನು ಸಂಜೆ ಏಳಕ್ಕೆ ಎಳೆದೆವು. ಹೀಗಾಗಿ ನಿದ್ದೆಗೂ ಕೇಕಿಗೂ ಜಗಳ ತಪ್ಪಿತು. ಗಾಳಿಗೆ ಡ್ರೈಯರ್ ಹಾಕಿಸಿದೆವು. ರಿಸೀವರಿನ ತಳದ ನೀರನ್ನು ತಾನೇ ಹೊರಬಿಡುವ ಆಟೋ ಡ್ರೈನ್ ತುಕ್ಕು ಹಿಡಿದು ಕೂತಿತ್ತು, ಅದನ್ನು ಬದಲಿಸಿದಾಗ ತಳದಿಂದ ಎರಡು ಬಕೆಟ್ ಎಣ್ಣೆ ಕಲಸಿದ ನೀರು ಬಂತು. ಮುಂದಿನ ಡಿಸೆಂಬರಿನಲ್ಲಿ ಪಂಪಿಗೆ ಬಿಸಿನೀರಿನ ಸ್ನಾನ ಬೇಕಾಗಲಿಲ್ಲ.

ಎರಡು ತಿಂಗಳಲ್ಲಿ ಕೇಕಿನ ನೀರು 75ರಿಂದ 66ರ ಆಸುಪಾಸಿಗೆ ಇಳಿಯಿತು. ಲಾರಿ ಬಾಡಿಗೆಯಲ್ಲಿ ಆದ ಉಳಿತಾಯ ಕರೆಂಟಿನ ಉಳಿತಾಯಕ್ಕಿಂತ ದೊಡ್ಡದು. ಅದಕ್ಕೆ ಹೊಸ ಪಂಪ್ ಬೇಕಾಗಿರಲಿಲ್ಲ. ಕಿವಿ ಮತ್ತು ರೆಗ್ಯುಲೇಟರ್ ಸಾಕಿತ್ತು.

ಮೂರನೇ ಗುಂಡಿಯನ್ನು ಮರೆತೇಬಿಡುತ್ತಿದ್ದೆವು. ಯಾರೂ ದೂರು ಹೇಳಿರಲಿಲ್ಲವಲ್ಲ. ಹೋಗುವ ಮುಂಚೆ ಒಮ್ಮೆ ಬಿಚ್ಚಿ ನೋಡೋಣ ಅಂತ ಬಿಚ್ಚಿಸಿದೆ. ಒಳಗಿನ ಇಪಿಡಿಎಂ ಅನ್ನುವ ರಬ್ಬರಿನ ಡಯಾಫ್ರಾಮ್ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಇಪಿಡಿಎಂ ಕಾಸ್ಟಿಕ್ಕಿಗೆ ಒಳ್ಳೆಯದು, ಅಸಿಟೋನಿಗೂ ಪರವಾಗಿಲ್ಲ, ಟಾಲ್ವೀನಿಗೆ ಆಗುವುದೇ ಇಲ್ಲ. ವೈಟಾನ್ ಅನ್ನುವ ಇನ್ನೊಂದು ರಬ್ಬರ್ ಹಾಕೋಣವೆಂದರೆ ಟಾಲ್ವೀನ್ ತಡೆಯುತ್ತದೆ, ಅಸಿಟೋನಿಗೆ ಸೋಲುತ್ತದೆ. ಆ ಗುಂಡಿಗೆ ಎರಡೂ ಬರುತ್ತವೆ. ಪಿಟಿಎಫ್ಇ, ಅಂದರೆ ಟೆಫ್ಲಾನ್ ಹಾಕಿಸಿದೆವು. ಒಂದೇ ಸ್ಪೇರ್ ಮೂರೂ ಪಂಪಿಗೆ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಪಂಪಿನ ಮೈ. ಸಾದಾ ಪಾಲಿಪ್ರೊಪಿಲಿನ್. ಗಾಳಿ ಪಂಪ್ ಅಂದರೆ ಕಿಡಿ ಇಲ್ಲ ಅಂತ ಎಲ್ಲರೂ ನಂಬಿದ್ದರು. ಮೋಟಾರಿನ ಕಿಡಿ ಇಲ್ಲ, ಸರಿ. ಆದರೆ ಕರೆಂಟ್ ಹರಿಯದ ಪ್ಲಾಸ್ಟಿಕ್ಕಿನೊಳಗೆ ಟಾಲ್ವೀನ್ ಹರಿದರೆ ಸ್ಥಿರ ವಿದ್ಯುತ್ ಕೂಡುತ್ತಾ ಹೋಗುತ್ತದೆ, ಇಳಿದು ಹೋಗಲು ದಾರಿ ಇಲ್ಲ. ಸ್ಟೀಲ್ ಮೈಯ ಪಂಪ್ ತರಿಸಿ, ಅರ್ಥಿಂಗ್ ತಂತಿ ಕಟ್ಟಿಸಿದೆವು. ಡಯಾಫ್ರಾಮ್ ಹರಿದರೆ ದ್ರವ ಸೈಲೆನ್ಸರಿನಿಂದಲೇ ಹೊರಗೆ ಚಿಮ್ಮುತ್ತದೆ. ಹಾಗಾಗಿ ಆ ಬಾಯಿಗೆ ಪೈಪ್ ಕಟ್ಟಿ, ಶೆಡ್ಡಿನ ಹೊರಗೆ ಡಬ್ಬಿಯೊಂದಕ್ಕೆ ಬಿಟ್ಟೆವು. ಆಪರೇಟರ್ ದಿನಾ ಆ ಡಬ್ಬಿ ನೋಡುತ್ತಾನೆ. ಅದು ಒಣಗಿದ್ದರೆ ಡಯಾಫ್ರಾಮ್ ಗಟ್ಟಿ ಇದೆ ಅಂತ ಅರ್ಥ.

ಆ ರಾತ್ರಿಯ ನಂತರ ಹೊಸ ಜಾಗಕ್ಕೆ ಹೋದರೆ ನಾನು ಯಾವ ಪಂಪ್ ಬೇಕು ಅಂತ ಮೊದಲು ಮಾತಾಡುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಎದುರಿನ ಬಾಯಿ ಯಾವಾಗಲಾದರೂ ಮುಚ್ಚುತ್ತದಾ, ಆವಿಗೆ ಬೆಂಕಿ ಹತ್ತುತ್ತದಾ ಅಂತ ಕೇಳುತ್ತೇನೆ. ಆಮೇಲೆ ರಾತ್ರಿ ಶಿಫ್ಟಿನವನ ಜೊತೆ ಒಂದು ಚಹಾ. ಕಲಬುರಗಿ ಕಡೆಯ ಒಂದು ಶಹಾಬಾದ್ ಕಲ್ಲಿನ ಪಾಲಿಶ್ ಘಟಕದಲ್ಲಿ ಇದೇ ಪ್ರಶ್ನೆ ಕೇಳಿದಾಗ ಉತ್ತರ ಎರಡೂ ಪಂಪ್ ಬೇಡ ಅಂತ ಬಂತು. ಕಲ್ಲಿನ ಕೆಸರನ್ನು ಇಳಿಜಾರಿನಲ್ಲೇ ಹರಿಸಬಹುದಿತ್ತು. ಆ ಕೆಲಸಕ್ಕೆ ನನಗೆ ದುಡ್ಡು ಬರಲಿಲ್ಲ ಅನ್ನುವುದು ಬೇರೆ ಮಾತು.

ಮರುವರ್ಷ ಮೇ ತಿಂಗಳಲ್ಲಿ ಕಂಪ್ರೆಸರ್ ಮತ್ತೆ ಟ್ರಿಪ್ ಆಯಿತು. ಇಕ್ವಲೈಸೇಷನ್ ಪಂಪ್ ತನ್ನ ಪಾಡಿಗೆ ಓಡುತ್ತಿತ್ತು. ಪ್ರೆಸ್ ಪಂಪ್ ರಿಸೀವರಿನ ಗಾಳಿ ಮುಗಿಯುವವರೆಗೆ ಬಡಿದು ನಿಂತಿತು. ನನಗೆ ಫೋನ್ ಬಂದದ್ದು ಸಂಜೆ, ಬಿಸಿಲು ಇಳಿದ ಮೇಲೆ, ಸುಮ್ನೆ ತಿಳಿಸಲಿಕ್ಕೆ.

ಎರಡನೇ ಮೋಟಾರ್ ಪಂಪ್ ಬೇರಿಂಗ್ ಬದಲಿಸಿಕೊಂಡು ಸ್ಟೋರಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಕೂತಿದೆ. ಅದನ್ನು ಮಾರಿಸಿಕೊಡುತ್ತೇನೆ ಅಂತ ಎರಡು ಸಲ ಹೇಳಿದ್ದೇನೆ. ಮಾಲೀಕರು ಒಪ್ಪುವುದಿಲ್ಲ. "ಇರ್ಲಿ ಬಿಡ್ರಿ. ನೀವು ಮುಂದಿನ ಸಲ ಕೊಟೇಶನ್ ತಂದಾಗ ಕಣ್ಣಿಗೆ ಬೀಳ್ಬೇಕಲ್ಲ" ಅಂತಾರೆ.